119 ಸೋಲು, ಆದರೂ ಹತ್ತನೇ ಸರದಿ: ಕೊಲರಾಡೊ ರಾಕೀಸ್ ಕುಸಿದದ್ದು ಹೇಗೆ?

2025ರ ಡಿಸೆಂಬರ್‌ನಲ್ಲಿ ಓರ್ಲಾಂಡೊದಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಡ್ರಾಫ್ಟ್ ಲಾಟರಿ ನಡೆಯಿತು. ಹೊಸ ಆಟಗಾರರನ್ನು ಯಾವ ತಂಡ ಮೊದಲು ಆರಿಸಿಕೊಳ್ಳಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಆ ವರ್ಷ 162 ಪಂದ್ಯಗಳಲ್ಲಿ 119 ಸೋತು ಪಟ್ಟಿಯ ತಳದಲ್ಲಿದ್ದದ್ದು ಡೆನ್ವರ್ ನಗರದ ಕೊಲರಾಡೊ ರಾಕೀಸ್. ಆದರೆ ಮೊದಲ ಆಯ್ಕೆ ಸಿಕ್ಕಿದ್ದು 102 ಪಂದ್ಯ ಸೋತಿದ್ದ ಶಿಕಾಗೊ ವೈಟ್ ಸಾಕ್ಸ್‌ಗೆ. ರಾಕೀಸ್ ಲಾಟರಿಯಲ್ಲಿ ಭಾಗವಹಿಸುವಂತೆಯೇ ಇರಲಿಲ್ಲ, ಅದಕ್ಕೆ ಹತ್ತನೇ ಸರದಿ ಬಂತು.

ಅಮೆರಿಕದ ಕ್ರೀಡೆಗಳಲ್ಲಿ ಸೋತವರಿಗೇ ಡ್ರಾಫ್ಟ್‌ನಲ್ಲಿ ಮೊದಲ ಮಣೆ ಎಂದು ತಿಳಿದವರಿಗೆ ಇದು ವಿಚಿತ್ರವಾಗಿ ಕಂಡಿತು. ಅದಕ್ಕೆ ಒಂದು ವರ್ಷ ಹಿಂದೆ, 2024ರಲ್ಲಿ, ಇದೇ ವೈಟ್ ಸಾಕ್ಸ್ 121 ಪಂದ್ಯ ಸೋತು ಆಧುನಿಕ ಬೇಸ್‌ಬಾಲ್‌ನ ದಾಖಲೆ ಬರೆದಾಗಲೂ ಅದಕ್ಕೆ ದಕ್ಕಿದ್ದು ಹತ್ತನೇ ಸರದಿಯೇ. ಹೀಗೇಕೆ ಎಂಬುದನ್ನು ತಿಳಿಯಲು ಲಾಟರಿಯ ನಿಯಮ ಗೊತ್ತಿದ್ದರಷ್ಟೇ ಸಾಲದು. ಒಂದು ವೃತ್ತಿಪರ ತಂಡ ಇಷ್ಟು ಕೆಟ್ಟದಾಗಿ ಆಡುವ ಹಂತಕ್ಕೆ ಹೇಗೆ ಬರುತ್ತದೆ, ಬಂದ ಮೇಲೂ ಅದರ ಮಾಲೀಕರ ನಿದ್ದೆ ಏಕೆ ಕೆಡುವುದಿಲ್ಲ ಎಂಬುದನ್ನೂ ನೋಡಬೇಕು.

119 ಎಂದರೆ ಎಷ್ಟು ಕೆಟ್ಟದ್ದು

ಬೇಸ್‌ಬಾಲ್‌ನಲ್ಲಿ ಒಂದು ಹಳೆಯ ಮಾತಿದೆ. ಎಷ್ಟೇ ಕಳಪೆ ತಂಡವಾದರೂ 54 ಪಂದ್ಯ ಗೆಲ್ಲುತ್ತದೆ, ಎಷ್ಟೇ ಬಲಿಷ್ಠ ತಂಡವಾದರೂ 54 ಸೋಲುತ್ತದೆ, ಉಳಿದ 54ರಲ್ಲಿ ಏನು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ. ಆಟದ ಸ್ವಭಾವವೇ ಹಾಗಿದೆ. ಒಬ್ಬ ಒಳ್ಳೆಯ ಪಿಚರ್, ಅಂದರೆ ಚೆಂಡು ಎಸೆಯುವವ, ಒಂದು ದಿನ ಕೈಹಿಡಿದರೆ ತಳದ ತಂಡವೂ ಚಾಂಪಿಯನ್ನರನ್ನು ಸೋಲಿಸಿಬಿಡುತ್ತದೆ. ರಾಕೀಸ್ 2025ರಲ್ಲಿ ಗೆದ್ದದ್ದು ಬರೀ 43.

1900ರ ನಂತರದ ಆಧುನಿಕ ಯುಗದಲ್ಲಿ ಇದಕ್ಕಿಂತ ಹೆಚ್ಚು ಸೋತ ತಂಡಗಳು ಎರಡೇ: 2024ರ ವೈಟ್ ಸಾಕ್ಸ್ 121, 1962ರಲ್ಲಿ ಹೊಸದಾಗಿ ಹುಟ್ಟಿದ ನ್ಯೂಯಾರ್ಕ್ ಮೆಟ್ಸ್ 120. 2003ರ ಡೆಟ್ರಾಯಿಟ್ ಟೈಗರ್ಸ್ ಸರಿಯಾಗಿ 43–119ರಲ್ಲೇ ನಿಂತಿತ್ತು.

ಸೋಲಿನ ಸಂಖ್ಯೆಗಿಂತ ರನ್‌ಗಳ ಲೆಕ್ಕ ಹೆಚ್ಚು ಕಟುವಾಗಿದೆ. ರಾಕೀಸ್ ಗಳಿಸಿದ್ದು 597 ರನ್, ಬಿಟ್ಟುಕೊಟ್ಟದ್ದು 1,021. ಅಂತರ 424. ಆಧುನಿಕ ಯುಗದಲ್ಲಿ ಯಾವ ತಂಡವೂ ಇಷ್ಟು ದೊಡ್ಡ ಹಳ್ಳಕ್ಕೆ ಬಿದ್ದಿಲ್ಲ, 121 ಸೋತ ವೈಟ್ ಸಾಕ್ಸ್ ಕೂಡ. ಅವರದು 507 ಗಳಿಕೆ, 813 ನಷ್ಟ, ಅಂತರ 306.

ಈ ಅಂತರದಿಂದ ಗೆಲುವುಗಳನ್ನು ಅಂದಾಜು ಮಾಡುವ ಸೂತ್ರವೊಂದನ್ನು ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ರೂಪಿಸಿದ್ದರು. ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಬಿಟ್ಟುಕೊಟ್ಟದ್ದರ ವರ್ಗ ಇವುಗಳ ಮೊತ್ತದಿಂದ ಭಾಗಿಸಬೇಕು. ಬಂದದ್ದನ್ನು 162ರಿಂದ ಗುಣಿಸಿದರೆ ನಿರೀಕ್ಷಿತ ಗೆಲುವು. ವೈಟ್ ಸಾಕ್ಸ್‌ಗೆ ಇದು 45 ಕೊಡುತ್ತದೆ. ಅವರು ಗೆದ್ದದ್ದು 41. ಅಂದರೆ ಆ ತಂಡ ಕೆಟ್ಟದ್ದೂ ಹೌದು, ಒಂದಿಷ್ಟು ನತದೃಷ್ಟವೂ ಹೌದು. ರಾಕೀಸ್‌ಗೆ ಲೆಕ್ಕ ಹಾಕಿದರೆ 41 ಬರುತ್ತದೆ. ಗೆದ್ದದ್ದು 43. ಅದೃಷ್ಟವನ್ನು ದೂರುವ ದಾರಿಯೂ ಅವರಿಗೆ ಇಲ್ಲ, ಆಡಿದ ಆಟಕ್ಕೆ ತಕ್ಕ ಫಲವನ್ನೇ, ಒಂದೆರಡು ಹೆಚ್ಚಾಗಿಯೇ, ಉಂಡರು.

ಮೇ 10ರಂದು ಸ್ಯಾನ್ ಡಿಯಾಗೊ ಪಾಡ್ರೆಸ್ ಎದುರು 21–0 ಸೋಲು. ಮರುದಿನ 9–3 ಗೆಲುವು, ಗೆದ್ದ ಅದೇ ದಿನ ಮ್ಯಾನೇಜರ್ (ಮುಖ್ಯ ತರಬೇತುದಾರ) ಬಡ್ ಬ್ಲ್ಯಾಕ್ ವಜಾ. ಆಗ ತಂಡದ ಲೆಕ್ಕ 7 ಗೆಲುವು, 33 ಸೋಲು. ವಾರೆನ್ ಶೇಫರ್ ಕೈಗೆ ಬಂದ ಮೇಲೆ 36 ಗೆಲುವು, 86 ಸೋಲು. ತುಸು ಮೇಲು, ಅಷ್ಟೆ. ಆ ವರ್ಷದ ಮೊದಲ ಸರಣಿ ಗೆಲುವಿಗೆ ಜೂನ್‌ವರೆಗೆ, ಮಯಾಮಿಗೆ ಹೋಗುವವರೆಗೆ, ಕಾಯಬೇಕಾಯಿತು.

ತೆಳು ಗಾಳಿಯಲ್ಲಿ ಚೆಂಡಿಗೆ ಏನಾಗುತ್ತದೆ

ರಾಕೀಸ್ ಕುರಿತ ಯಾವ ಚರ್ಚೆಯಾದರೂ ಮೊದಲು ಮುಟ್ಟುವುದು ಎತ್ತರವನ್ನು. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲಿದೆ. ಬೆಂಗಳೂರಿಗಿಂತ ಹತ್ತಿರ ಹತ್ತಿರ 700 ಮೀಟರ್ ಹೆಚ್ಚು. ತಂಡದ ತವರು ಮೈದಾನ ಕೂರ್ಸ್ ಫೀಲ್ಡ್‌ನ ಮೇಲಂತಸ್ತಿನ ಒಂದು ಸಾಲಿನ ಆಸನಗಳಿಗೆ ನೇರಳೆ ಬಣ್ಣ ಬಳಿದಿದ್ದಾರೆ. ಅಲ್ಲಿಗೆ ಸರಿಯಾಗಿ 5,280 ಅಡಿ, ಒಂದು ಮೈಲಿ ಎತ್ತರ.

ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 82ರಷ್ಟು. ಇದರಿಂದ ಎರಡು ಪರಿಣಾಮ. ಬ್ಯಾಟಿಗೆ ತಾಗಿದ ಚೆಂಡಿಗೆ ಎದುರು ಗಾಳಿಯ ತಡೆ ಕಡಿಮೆ, ಹಾಗಾಗಿ ಕರಾವಳಿಯ ಊರಿನಲ್ಲಿ 400 ಅಡಿ ಹೋಗುವ ಹೊಡೆತ ಇಲ್ಲಿ ಇಪ್ಪತ್ತು ಅಡಿಗೂ ಹೆಚ್ಚು ಮುಂದೆ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು. ಎರಡನೆಯದು ಹೊರಗಿನವರಿಗೆ ಅಷ್ಟಾಗಿ ಕಾಣದ, ಆದರೆ ಹೆಚ್ಚು ಹಾನಿ ಮಾಡುವ ಪರಿಣಾಮ: ಪಿಚರ್ ತಿರುಗಿಸಿ ಎಸೆದ ಚೆಂಡು ತಿರುಗಬೇಕಾದಷ್ಟು ತಿರುಗುವುದಿಲ್ಲ.

ಗಿರಕಿ ಹೊಡೆಯುವ ಚೆಂಡನ್ನು ಬದಿಗೋ ಕೆಳಕ್ಕೋ ತಳ್ಳುವುದು ಗಾಳಿ. ಕ್ರಿಕೆಟ್‌ನಲ್ಲಿ ಸ್ಪಿನ್ನರ್‌ನ ಚೆಂಡು ಗಾಳಿಯಲ್ಲಿ ತೇಲಿ ಇಳಿಯುವುದಕ್ಕೂ ಇದೇ ಬಲ ಕಾರಣ. ಗಾಳಿ ಶೇ 18ರಷ್ಟು ತೆಳುವಾದರೆ ಆ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಸಮುದ್ರಮಟ್ಟದಲ್ಲಿ 18 ಇಂಚು ಬಾಗುವ ಕರ್ವ್‌ಬಾಲ್ ಡೆನ್ವರ್‌ನಲ್ಲಿ 15 ಇಂಚಿಗೆ ನಿಲ್ಲುತ್ತದೆ. ಮೂರು ಇಂಚು ಏನು ಮಹಾ ಎನಿಸಬಹುದು. ಆದರೆ ಬೇಸ್‌ಬಾಲ್ ಚೆಂಡಿನ ವ್ಯಾಸವೇ ಮೂರು ಇಂಚಿಗೆ ಕೂದಲೆಳೆಯಷ್ಟು ಕಡಿಮೆ, ಬ್ಯಾಟಿನ ಅತಿ ದಪ್ಪ ಭಾಗ 2.61 ಇಂಚು ಮೀರುವಂತಿಲ್ಲ. ಬ್ಯಾಟ್ ಬೀಸಿ ಪೂರ್ತಿ ತಪ್ಪುವುದಕ್ಕೂ ನಡುಮಧ್ಯ ತಾಗಿ ಗೋಡೆ ದಾಟುವುದಕ್ಕೂ ನಡುವೆ ಇರುವುದು ಆ ಮೂರೇ ಇಂಚು.

ಎಲ್ಲ ಎಸೆತಕ್ಕೂ ಒಂದೇ ಪ್ರಮಾಣದ ಪೆಟ್ಟು ಬೀಳುವುದಿಲ್ಲ. ಹಿಮ್ಮುಖ ಗಿರಕಿಯಿಂದ ಮೇಲೆಯೇ ನಿಲ್ಲುವಂತೆ ಕಾಣುವ ಫೋರ್-ಸೀಮ್ ಫಾಸ್ಟ್‌ಬಾಲ್ ಇಲ್ಲಿ ಬೇಗ ಇಳಿಯುತ್ತದೆ, ಆಳವಾಗಿ ಬೀಳಬೇಕಾದ ಕರ್ವ್‌ಬಾಲ್ ಮೇಲೆಯೇ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಬ್ಯಾಟರ್‌ನನ್ನು ಮೋಸಗೊಳಿಸುವ ಸರಕು, ಆ ವ್ಯತ್ಯಾಸ ಎರಡೂ ಕಡೆಯಿಂದ ಸವೆಯುತ್ತದೆ. ಬಂದೂಕಿನ ಗುಂಡಿನಂತೆ ಸಾಗುವ ದಿಕ್ಕಿನ ಅಕ್ಷದಲ್ಲೇ ಗಿರಕಿ ಹೊಡೆಯುವ ಒಂದು ಬಗೆಯ ಸ್ಲೈಡರ್‌ಗೆ ಗಾಳಿಯ ನೆರವು ಮೊದಲೇ ಬೇಕಿಲ್ಲ. ಅದಕ್ಕೆ ನಷ್ಟವೂ ಕಡಿಮೆ. ಇಂಥ ಲೆಕ್ಕ ಹಾಕಿ, ಈ ಮೈದಾನಕ್ಕೆ ಒಗ್ಗುವ ಎಸೆತವುಳ್ಳ ಪಿಚರ್‌ಗಳನ್ನೇ ಹುಡುಕಿ ತರಬಹುದು. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಇದಕ್ಕೆ ಎರಡು ಪರಿಹಾರ ಹಳೆಯವು. ಕೂರ್ಸ್ ಫೀಲ್ಡ್ ಕಟ್ಟುವಾಗಲೇ ಗೋಡೆಗಳನ್ನು ದೂರ ಇಟ್ಟರು: ಎಡಕ್ಕೆ 347 ಅಡಿ, ನಡುವೆ 415, ಬಲಕ್ಕೆ 350. ಗೋಡೆ ದಾಟುವ ಹೊಡೆತ, ಅಂದರೆ ಹೋಮ್ ರನ್, ಸ್ವಲ್ಪ ತಗ್ಗಿತು, ಆದರೆ ಮೂವರು ಔಟ್‌ಫೀಲ್ಡರ್‌ಗಳು ಕಾಯಬೇಕಾದ ಬಯಲು ಹಿಗ್ಗಿತು. ಬೇರೆಡೆ ಕ್ಯಾಚ್ ಆಗುವ ಚೆಂಡು ಇಲ್ಲಿ ಖಾಲಿ ಹುಲ್ಲಿಗೆ ಬೀಳುತ್ತದೆ. 2002ರಲ್ಲಿ ಚೆಂಡುಗಳನ್ನು ತೇವಾಂಶ ಕಾಯ್ದ ಕೋಣೆಯಲ್ಲಿಡಲು ಶುರುಮಾಡಿದರು. ಒಣಹವೆಯಲ್ಲಿ ಚೆಂಡು ಒಣಗಿ ಗಟ್ಟಿಯಾಗಿ ಜೋರಾಗಿ ಪುಟಿಯುತ್ತಿತ್ತು, ಹೊರಚರ್ಮ ನುಣುಪಾಗಿ ಹಿಡಿತ ತಪ್ಪುತ್ತಿತ್ತು. ತೇವದ ಕೋಣೆ ಅದನ್ನು ಸರಿಪಡಿಸಿತು. 2022ರಿಂದ 30 ಮೈದಾನಗಳಲ್ಲೂ ಅದು ಕಡ್ಡಾಯ. ಚೆಂಡು ಸರಿಯಾಯಿತು, ಗಾಳಿಯನ್ನು ಸರಿಮಾಡುವವರಿಲ್ಲ.

ಎತ್ತರ ಬ್ಯಾಟರ್‌ಗಳನ್ನೂ ಬಿಡುವುದಿಲ್ಲ. ತವರಿನಲ್ಲಿ ಒಂದು ವಾರ ಕಡಿಮೆ ತಿರುಗುವ ಎಸೆತಗಳಿಗೆ ಕಣ್ಣು ಒಗ್ಗಿಸಿಕೊಂಡು ಲಾಸ್ ಏಂಜಲೀಸ್‌ಗೆ ಹೋದರೆ ಅದೇ ಕರ್ವ್‌ಬಾಲ್ ಮೂರು ಇಂಚು ಹೆಚ್ಚು ಬೀಳುತ್ತದೆ. ಪ್ರವಾಸದ ಮೊದಲ ಪಂದ್ಯಗಳು ಕೈತಪ್ಪುತ್ತವೆ. ಬೇರೆ ತಂಡಗಳ ಆಟಗಾರರು ಈ ಹೊಂದಾಣಿಕೆ ಮಾಡಿಕೊಳ್ಳುವುದು ವರ್ಷಕ್ಕೆ ಕೆಲವೇ ದಿನ, ರಾಕೀಸ್ ಆಟಗಾರರಿಗೆ ಆರು ತಿಂಗಳೂ ಇದೇ ಪಾಡು. 2025ರಲ್ಲಿ ಹೊರ ಊರುಗಳಲ್ಲಿ ಅವರ ಗೆಲುವು ತವರಿಗಿಂತಲೂ ಕಡಿಮೆಯಿತ್ತು.

ಒಬ್ಬ ಬಿದ್ದರೆ ಹದಿಮೂರು ಮಂದಿ ಬೀಳುವ ಬಗೆ

ಪ್ರತಿ ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯದಷ್ಟಕ್ಕೆ, ಪಿಚರ್ ತನ್ನ ಹೊಣೆಯಲ್ಲಿ ಎಷ್ಟು ರನ್ ಬಿಟ್ಟ ಎಂಬುದನ್ನು ಅಳೆಯುವ ಅಂಕಿಗೆ ಇಆರ್‌ಎ ಎನ್ನುತ್ತಾರೆ. ನಾಲ್ಕರ ಸುತ್ತ ಇದ್ದರೆ ಸಾಧಾರಣ. 2025ರಲ್ಲಿ ರಾಕೀಸ್‌ನ ಆರಂಭಿಕ ಪಿಚರ್‌ಗಳದು 6.65. ಈ ಲೆಕ್ಕ 1913ರಲ್ಲಿ ಎರಡೂ ಲೀಗ್‌ಗಳಲ್ಲಿ ಅಧಿಕೃತವಾದ ಮೇಲೆ ಇಷ್ಟು ಕೆಟ್ಟ ಅಂಕಿ ಬೇರಾವ ತಂಡಕ್ಕೂ ಇಲ್ಲ.

ಇದರ ಪರಿಣಾಮ ಆ ಐವರು ಆರಂಭಿಕರಿಗಷ್ಟೇ ನಿಲ್ಲುವುದಿಲ್ಲ. 26 ಜನರ ತಂಡದಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ. ಐವರು ಸರದಿಯಲ್ಲಿ ಪಂದ್ಯ ಆರಂಭಿಸುತ್ತಾರೆ, ಉಳಿದ ಎಂಟು ಮಂದಿ ಬುಲ್‌ಪೆನ್‌ನಲ್ಲಿ ಕಾದಿದ್ದು ನಂತರ ಬರುತ್ತಾರೆ. ಆರಂಭಿಕ ಪಿಚರ್ ಆರು ಇನಿಂಗ್ಸ್ ನಿಭಾಯಿಸಿದರೆ ಉಳಿದ ಮೂರನ್ನು ಮೂವರು ಹಂಚಿಕೊಂಡು ಮುಗಿಸುತ್ತಾರೆ. ಅವನು ನಾಲ್ಕನೇ ಇನಿಂಗ್ಸ್‌ಗೇ ಏಳೆಂಟು ರನ್ ಕೊಟ್ಟು ಹೊರನಡೆದರೆ ಐದು ಇನಿಂಗ್ಸ್ ಬುಲ್‌ಪೆನ್ ತಲೆಗೆ. ನಾಲ್ವರು ಬಳಕೆಯಾದರು. ಮರುದಿನವೂ ಹೀಗೇ ಆದರೆ ಉಳಿದ ನಾಲ್ವರೂ ಮುಗಿದರು. ಮೂರನೇ ದಿನ ಎಸೆಯಬೇಕಾದವರು ಮೊನ್ನೆ ಎಸೆದು ತೋಳು ನೋಯುತ್ತಿರುವವರು. ವೇಗ ಒಂದೆರಡು ಮೈಲಿ ಇಳಿಯುತ್ತದೆ, ಗುರಿ ತಪ್ಪುತ್ತದೆ, ಆ ಪಂದ್ಯವೂ ಹೋಗುತ್ತದೆ.

ಆಗ ತಂಡ ತನ್ನ ಕೆಳಹಂತದ ಆಲ್ಬುಕರ್ಕಿ ತಂಡದಿಂದ ಹೊಸ ತೋಳೊಂದನ್ನು ಕರೆಸುತ್ತದೆ, ಬದಲಿಗೆ ಒಬ್ಬನನ್ನು ಕೆಳಗೆ ಕಳಿಸುತ್ತದೆ. ಒಬ್ಬ ಆಟಗಾರನನ್ನು ಒಂದು ಋತುವಿನಲ್ಲಿ ಐದು ಸಲಕ್ಕಿಂತ ಹೆಚ್ಚು ಹೀಗೆ ಕೆಳಗಿಳಿಸುವಂತಿಲ್ಲ. ಆಲ್ಬುಕರ್ಕಿ ಕೂಡ ಸುಮಾರು 5,000 ಅಡಿ ಎತ್ತರದ ಊರು ಎಂಬುದು ಇಲ್ಲಿನ ಇನ್ನೊಂದು ತೊಡಕು. ಅಲ್ಲಿಯೂ ಪಿಚರ್‌ಗಳ ಅಂಕಿಗಳು ಊದಿಕೊಂಡಿರುತ್ತವೆ, ಯಾರು ನಿಜವಾಗಿ ಸಿದ್ಧ, ಯಾರು ಅಲ್ಲ ಎಂದು ಬರೀ ಅಂಕಿ ನೋಡಿ ಹೇಳಲಾಗದು. ಹೊಸಬ ಚೇಸ್ ಡಾಲಂಡರ್ ಇದಕ್ಕೆ ಉದಾಹರಣೆ. 2025ರಲ್ಲಿ ಅವನು ತವರಿನಲ್ಲಿ ನಜ್ಜುಗುಜ್ಜಾದ, ಹೊರ ಮೈದಾನಗಳಲ್ಲಿ ಭರವಸೆಯ ಪಿಚರ್‌ನಂತೆ ಆಡಿದ.

ಎತ್ತರ ನಿಜ, ಅದೇ ನೆಪವೂ ಆಯಿತು

ಎತ್ತರವೇ ಎಲ್ಲಕ್ಕೂ ಕಾರಣವಾಗಿದ್ದರೆ 2018 ನಡೆಯಬಾರದಿತ್ತು. ಆ ವರ್ಷ ಇದೇ ಮೈದಾನದಲ್ಲಿ, ಇದೇ ಗಾಳಿಯಲ್ಲಿ ರಾಕೀಸ್ 91 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಗಿತ್ತು. ಡೆನ್ವರ್‌ನಲ್ಲೇ ಹುಟ್ಟಿದ ಕೈಲ್ ಫ್ರೀಲ್ಯಾಂಡ್ 17 ಗೆಲುವು, 2.85 ಇಆರ್‌ಎಯೊಂದಿಗೆ ಲೀಗ್‌ನ ಶ್ರೇಷ್ಠ ಪಿಚರ್ ಪ್ರಶಸ್ತಿಯ ಮತದಾನದಲ್ಲಿ ನಾಲ್ಕನೇ ಸ್ಥಾನ ಪಡೆದಿದ್ದ. 2007ರಲ್ಲಿ ತಂಡ ವಿಶ್ವ ಸರಣಿ ಎಂಬ ಅಂತಿಮ ಹಣಾಹಣಿಯನ್ನೇ ಮುಟ್ಟಿತ್ತು, ಬಾಸ್ಟನ್ ಎದುರು 4–0 ಸೋತರೂ. ಗಾಳಿ ಆಗಲೂ ಶೇ 82ರಷ್ಟೇ ಇತ್ತು.

2018ರಿಂದ 2025ರ ನಡುವೆ ಬದಲಾದದ್ದು ಆಡಳಿತದ ತೀರ್ಮಾನಗಳು. ಅವನ್ನು ಸಾಲಾಗಿ ನೋಡಿದರೆ ಸೋಲು ಆಕಸ್ಮಿಕವಾಗಿ ಕಾಣುವುದಿಲ್ಲ.

2019ರ ಫೆಬ್ರುವರಿಯಲ್ಲಿ ತಾರಾ ಆಟಗಾರ ನೋಲನ್ ಅರೆನಾಡೊಗೆ 8 ವರ್ಷಕ್ಕೆ 26 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಎರಡೇ ವರ್ಷದಲ್ಲಿ ಸಂಬಂಧ ಹಳಸಿ, 2021ರ ಫೆಬ್ರುವರಿಯಲ್ಲಿ ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟರು, ಮೇಲೆ ಸುಮಾರು 5 ಕೋಟಿ ಡಾಲರನ್ನೂ ತಾವೇ ಕಟ್ಟಿಕೊಟ್ಟರು. ಬದಲಿಗೆ ಬಂದ ಐವರಲ್ಲಿ ತಂಡವನ್ನು ಎತ್ತಿ ನಿಲ್ಲಿಸುವವರು ಯಾರೂ ಇರಲಿಲ್ಲ. ಅದೇ ವರ್ಷ ಟ್ರೆವರ್ ಸ್ಟೋರಿಯ ಒಪ್ಪಂದ ಮುಗಿಯುವುದರಲ್ಲಿತ್ತು. ಇಂಥ ಸಂದರ್ಭದಲ್ಲಿ ಸೋಲುವ ತಂಡ ಜುಲೈ ಗಡುವಿನೊಳಗೆ ಆಟಗಾರನನ್ನು ಗೆಲ್ಲುವ ತಂಡಕ್ಕೆ ಕೊಟ್ಟು, ಬದಲಿಗೆ ಎಳೆಯ ಪ್ರತಿಭೆಗಳನ್ನು ಪಡೆಯುವುದು ರೂಢಿ. ರಾಕೀಸ್ ಅವನನ್ನು ಇಟ್ಟುಕೊಂಡಿತು, ಋತು ಮುಗಿದಾಗ ಅವನು ಹೊರಟ.

ಹೀಗೆ ತಾರೆಗಳು ಹೋದ ಜಾಗಕ್ಕೆ 2022ರ ಮಾರ್ಚ್‌ನಲ್ಲಿ ಕ್ರಿಸ್ ಬ್ರಯಂಟ್ ಬಂದ, 7 ವರ್ಷಕ್ಕೆ 18.2 ಕೋಟಿ ಡಾಲರ್. ಬೆನ್ನುನೋವು ಮತ್ತಿತರ ಗಾಯಗಳಿಂದ ಮೊದಲ ನಾಲ್ಕು ವರ್ಷಗಳ 648 ಪಂದ್ಯಗಳಲ್ಲಿ ಅವನು ಆಡಿದ್ದು 170. 2025ರಲ್ಲಿ 11. ಬೇಸ್‌ಬಾಲ್ ಒಪ್ಪಂದಗಳಲ್ಲಿ ಹಣ ಖಚಿತ, ಆಡದಿದ್ದರೂ ಕೊಡಲೇಬೇಕು. ಗಾಯವನ್ನು ಯಾರೂ ಮುಂಗಾಣಲಾರರು ನಿಜ. ಆದರೆ ಹಿಂದಿನ ವರ್ಷ ತಾರೆಯನ್ನು ಹಣ ಕೊಟ್ಟು ಕಳಿಸಿದ ತಂಡ ಮರುವರ್ಷವೇ ಮೂವತ್ತು ದಾಟಿದವನಿಗೆ ಇಷ್ಟು ಸುರಿದದ್ದರ ಹಿಂದೆ ಯಾವ ಯೋಜನೆಯಿತ್ತು ಎಂದು ಹುಡುಕಿದರೆ ಸಿಗುವುದಿಲ್ಲ.

ಹಳೆಯ ಪಿಚರ್‌ಗಳ ಮೇಲಿನ ನಿಷ್ಠೆಯೂ ದುಬಾರಿಯಾಯಿತು. ಆಂಟೋನಿಯೊ ಸೆನ್ಸಟೇಲಾಗೆ 5.05 ಕೋಟಿ, ಫ್ರೀಲ್ಯಾಂಡ್‌ಗೆ 6.45 ಕೋಟಿ ಡಾಲರ್, ತಲಾ ಐದೈದು ವರ್ಷ. 2023ರಲ್ಲಿ ಸೆನ್ಸಟೇಲಾ, ಹೆರ್ಮಾನ್ ಮಾರ್ಕೆಸ್ ಇಬ್ಬರಿಗೂ ಮೊಣಕೈಯ ಸ್ನಾಯುರಜ್ಜು ಮರುಜೋಡಿಸುವ ಶಸ್ತ್ರಚಿಕಿತ್ಸೆ ಆಯಿತು. 2018ರ ಪಿಚರ್‌ಗಳೇ ಏಳು ವರ್ಷ ವಯಸ್ಸು ಕೂಡಿಸಿಕೊಂಡು 2025ರಲ್ಲೂ ಪಂದ್ಯ ಆರಂಭಿಸುತ್ತಿದ್ದರು.

ಹೊರಗಿನಿಂದ ಒಳ್ಳೆಯ ಪಿಚರ್‌ನನ್ನು ಕೊಂಡು ತರಬಹುದಲ್ಲ ಎಂದರೆ, ಆ ಪ್ರಯೋಗವೂ ಆಗಿದೆ. 2000ದ ಕೊನೆಯಲ್ಲಿ ಮೈಕ್ ಹ್ಯಾಂಪ್ಟನ್‌ಗೆ 8 ವರ್ಷಕ್ಕೆ 12.1 ಕೋಟಿ ಡಾಲರ್ ಕೊಟ್ಟಿದ್ದರು. ಎರಡು ಋತುಗಳಲ್ಲಿ ಅವನ ಇಆರ್‌ಎ 5.41, 6.15. ಮೂರನೆಯದಕ್ಕೆ ಬೇರೆ ತಂಡ. ಅಂದಿನಿಂದ ಮಾರುಕಟ್ಟೆಯಲ್ಲಿ ಬೆಲೆಯುಳ್ಳ ಯಾವ ಪಿಚರ್‌ಗೂ ತನ್ನ ಅಂಕಿಗಳನ್ನು ಡೆನ್ವರ್‌ನಲ್ಲಿ ಕೆಡಿಸಿಕೊಳ್ಳುವ ಆಸೆಯಿಲ್ಲ.

ಹಾಗಾದರೆ ಉಳಿಯುವ ದಾರಿ ಪಿಚರ್‌ಗಳನ್ನು ತಾವೇ ಬೆಳೆಸುವುದು. ಅದಕ್ಕೆ ಎಸೆತದ ಗಿರಕಿ, ಅಕ್ಷ, ಬಿಡುಗಡೆಯ ಕೋನ ಅಳೆಯುವ ಕ್ಯಾಮೆರಾಗಳು ಬೇಕು, ಅಳತೆಯನ್ನು ಓದಿ ಯಾವ ಎಸೆತ ಎತ್ತರದಲ್ಲಿ ಉಳಿಯುತ್ತದೆಂದು ಹೇಳುವ ತಜ್ಞರು ಬೇಕು, ಅದನ್ನು ಹತ್ತೊಂಬತ್ತರ ಹುಡುಗನಿಗೆ ಕಲಿಸುವ ತರಬೇತುದಾರರು ಬೇಕು. ಮೊದಲು ಹೇಳಿದ ಸ್ಲೈಡರ್ ಲೆಕ್ಕ ಉಪಯೋಗಕ್ಕೆ ಬರುವುದು ಇಲ್ಲೇ. ಎಲ್ಲರಿಗಿಂತ ಕಷ್ಟದ ಭೌತಶಾಸ್ತ್ರದ ಸಮಸ್ಯೆ ಹೊತ್ತಿದ್ದ ತಂಡದಲ್ಲಿ ಈ ವಿಭಾಗ ಲೀಗ್‌ನಲ್ಲೇ ಅತಿ ಚಿಕ್ಕವುಗಳಲ್ಲೊಂದು ಎಂದು ವರ್ಷಗಳಿಂದ ವರದಿಯಾಗುತ್ತಿತ್ತು. 119ರ ಮೂಲ ಎಲ್ಲಿದೆ ಎಂದರೆ ಗಾಳಿಗಿಂತ ಮೊದಲು ಬೆರಳು ತೋರಿಸಬೇಕಾದದ್ದು ಇದರ ಕಡೆಗೆ.

ಸೋತರೂ ಗಲ್ಲಾಪೆಟ್ಟಿಗೆ ಬರಿದಾಗದು

ಯುರೋಪಿನ ಫುಟ್‌ಬಾಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ, ಆದಾಯ ಕುಸಿಯುತ್ತದೆ. ಮೇಜರ್ ಲೀಗ್ ಬೇಸ್‌ಬಾಲ್ ಐಪಿಎಲ್‌ನಂತೆ ಮುಚ್ಚಿದ ಕೂಟ. 30 ಫ್ರಾಂಚೈಸಿಗಳು, ಯಾರೂ ಇಳಿಯುವುದಿಲ್ಲ, ಯಾರೂ ಏರಿ ಬರುವುದಿಲ್ಲ. ರಾಷ್ಟ್ರೀಯ ಪ್ರಸಾರದ ಹಣ ಮೂವತ್ತು ಪಾಲಾಗಿ ಎಲ್ಲರಿಗೂ ಸಮ. ಮೇಲಾಗಿ ಪ್ರತಿ ತಂಡ ತನ್ನ ಸ್ಥಳೀಯ ನಿವ್ವಳ ಆದಾಯದ ಶೇ 48ರಷ್ಟನ್ನು ಸಾಮಾನ್ಯ ನಿಧಿಗೆ ಹಾಕುತ್ತದೆ, ಅದನ್ನು ಎಲ್ಲರಿಗೂ ಹಂಚಲಾಗುತ್ತದೆ. ದೊಡ್ಡ ನಗರದ ತಂಡಗಳು ಕೊಡುವುದು ಹೆಚ್ಚು, ಚಿಕ್ಕವು ಪಡೆಯುವುದು ಹೆಚ್ಚು. ರಾಕೀಸ್ ಪಡೆಯುವವರ ಸಾಲಿನಲ್ಲಿದೆ.

ಟಿಕೆಟ್ ಮಾರಾಟವಾದರೂ ಬೀಳಬೇಕಿತ್ತು. ಬೀಳಲಿಲ್ಲ. 119 ಸೋಲಿನ ವರ್ಷದಲ್ಲೂ ಕೂರ್ಸ್ ಫೀಲ್ಡ್‌ಗೆ ಸುಮಾರು 24 ಲಕ್ಷ ಜನ ಬಂದರು, ಪಂದ್ಯವೊಂದಕ್ಕೆ ಮೂವತ್ತು ಸಾವಿರದ ಹತ್ತಿರ. 2024ರಲ್ಲಿ ವೈಟ್ ಸಾಕ್ಸ್ ಸೋಲುತ್ತಿದ್ದಾಗ ಶಿಕಾಗೊದಲ್ಲಿ ಬಂದವರು 14 ಲಕ್ಷಕ್ಕೂ ಕಡಿಮೆ. ಡೆನ್ವರ್‌ನ ಬೇಸಿಗೆಯ ಸಂಜೆ ತಂಪು, ಹಿನ್ನೆಲೆಯಲ್ಲಿ ರಾಕಿ ಪರ್ವತ, ಮೈದಾನ ಊರ ನಡುವೆ, ಮೇಲಂತಸ್ತಿನಲ್ಲಿ ನಿಂತು ಬಿಯರ್ ಕುಡಿಯುವ ವಿಶಾಲ ತಾಣ. ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರು ತಮ್ಮ ಹಳೆಯ ಊರಿನ ತಂಡವನ್ನು ನೋಡಲು ಬರುತ್ತಾರೆ. ಡಾಡ್ಜರ್ಸ್ ಅಥವಾ ಕಬ್ಸ್ ಬಂದ ದಿನ ಅರ್ಧ ಮೈದಾನ ಎದುರಾಳಿಯ ಬಣ್ಣ. ಪಕ್ಕದಲ್ಲೇ 2021ರಲ್ಲಿ ತೆರೆದ ಮ್ಯಾಕ್‌ಗ್ರೆಗರ್ ಸ್ಕ್ವೇರ್ ಎಂಬ ಹೋಟೆಲ್, ವಸತಿ, ಅಂಗಡಿಗಳ ಸಮುಚ್ಚಯವೂ ತಂಡದ ಮಾಲೀಕರ ಬಳಗದ್ದೇ. ಆಟ ನೋಡಲು ಬಂದವರು ಪಂದ್ಯ ಸೋತರೂ ಊಟ ಮಾಡುತ್ತಾರೆ.

ಹಾಗಾಗಿ ವೈಟ್ ಸಾಕ್ಸ್ ಮತ್ತು ರಾಕೀಸ್ ಒಂದೇ ಬಗೆಯ ಸೋಲುಗಾರರಲ್ಲ. ಶಿಕಾಗೊದವರು ಪ್ರಜ್ಞಾಪೂರ್ವಕವಾಗಿ ತಂಡ ಬಿಚ್ಚಿದರು. ಪಿಚರ್ ಡಿಲನ್ ಸೀಸ್‌ನನ್ನು ಕೊಟ್ಟರು, ಗ್ಯಾರೆಟ್ ಕ್ರೋಶೆಯನ್ನು ಕೊಟ್ಟರು, ಪ್ರತಿ ಸಲ ಮೂರು ನಾಲ್ಕು ಎಳೆಯರನ್ನು ಪಡೆದರು. ಹೂಸ್ಟನ್ 2011ರಿಂದ 2013ರವರೆಗೆ 106, 107, 111 ಪಂದ್ಯ ಸೋತು 2017ರಲ್ಲಿ ಚಾಂಪಿಯನ್ ಆದದ್ದು ಈ ದಾರಿಯಲ್ಲೇ. ದಾರಿ ಸರಿಯೇ ಎಂಬುದು ಬೇರೆ ಚರ್ಚೆ. ರಾಕೀಸ್ ಆ ದಾರಿಯನ್ನೂ ಹಿಡಿಯಲಿಲ್ಲ. 2023ರಲ್ಲಿ 103, 2024ರಲ್ಲಿ 101, 2025ರಲ್ಲಿ 119 ಸೋತದ್ದು ಗೆಲ್ಲಲು ಪ್ರಯತ್ನಿಸುತ್ತಿದ್ದೇವೆ ಎನ್ನುತ್ತಲೇ. ಸೋಲಿನ ನೋವು ಪೂರ್ತಿ ಬಂತು, ಸೋಲಿನಿಂದ ಗಿಟ್ಟಿಸಬಹುದಾದ ಲಾಭ ಅರ್ಧವೂ ಬರಲಿಲ್ಲ.

ಲಾಟರಿಯಲ್ಲಿ ಹೆಸರೇಕೆ ಇರಲಿಲ್ಲ

ಬೇಕೆಂದೇ ಸೋಲುವುದನ್ನು ತಡೆಯಲು ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ 2022ರ ಕಾರ್ಮಿಕ ಒಪ್ಪಂದದಲ್ಲಿ ಲಾಟರಿ ಬಂತು. ಅದಕ್ಕೆ ಮೊದಲು ಕೊನೆಯ ಸ್ಥಾನದವರಿಗೆ ಮೊದಲ ಆಯ್ಕೆ ತಾನಾಗಿಯೇ ಸಿಗುತ್ತಿತ್ತು. ಈಗ ಪ್ಲೇಆಫ್ ತಲುಪದ 18 ತಂಡಗಳ ನಡುವೆ ಮೊದಲ ಆರು ಸ್ಥಾನಗಳಿಗೆ ಅದೃಷ್ಟ ಪರೀಕ್ಷೆ. ಕೆಳಗಿನ ಮೂರೂ ತಂಡಗಳಿಗೆ ಮೊದಲ ಆಯ್ಕೆಯ ಸಾಧ್ಯತೆ ಸಮನಾಗಿ ಶೇ 16.5. ಅಂದರೆ 105 ಸೋತರೂ 119 ಸೋತರೂ ಒಂದೇ, ಇನ್ನಷ್ಟು ಸೋಲುವುದರಿಂದ ಏನೂ ಗಿಟ್ಟದು.

ಅದರ ಮೇಲೆ ಇನ್ನೊಂದು ಬೇಲಿ. ಆದಾಯ ಹಂಚಿಕೆಯಲ್ಲಿ ಹಣ ಪಡೆಯುವ ತಂಡಕ್ಕೆ ಮೊದಲ ಆರರೊಳಗಿನ ಲಾಟರಿ ಸ್ಥಾನ ಸತತ ಎರಡು ವರ್ಷ ಸಿಗಬಹುದು, ಮೂರನೇ ವರ್ಷ ಇಲ್ಲ. ಪಡೆಯದ ದೊಡ್ಡ ನಗರದ ತಂಡಕ್ಕೆ ಸತತ ಎರಡನೇ ವರ್ಷವೂ ಇಲ್ಲ. ಅನರ್ಹರಾದವರು ಹತ್ತಕ್ಕಿಂತ ಮೇಲೆ ಬರುವಂತಿಲ್ಲ.

ರಾಕೀಸ್‌ಗೆ 2024ರ ಡ್ರಾಫ್ಟ್‌ನಲ್ಲಿ ಮೂರನೇ ಸ್ಥಾನ ಸಿಕ್ಕಿತ್ತು, ಚಾರ್ಲಿ ಕಾಂಡನ್‌ನನ್ನು ಆರಿಸಿದರು. 2025ರಲ್ಲಿ ನಾಲ್ಕನೇ ಸ್ಥಾನ, ಎಥನ್ ಹಾಲಿಡೇ ಎಂಬ ಹೈಸ್ಕೂಲ್ ಹುಡುಗ, 90 ಲಕ್ಷ ಡಾಲರ್ ಬೋನಸ್. ಎರಡು ವರ್ಷ ಮುಗಿಯಿತು, 2026ಕ್ಕೆ ಬಾಗಿಲು ಮುಚ್ಚಿತು. ವೈಟ್ ಸಾಕ್ಸ್ 2024ರ ಡ್ರಾಫ್ಟ್‌ನಲ್ಲಿ ಐದನೇ ಸ್ಥಾನ ಪಡೆದದ್ದರಿಂದ 2025ರ ಡ್ರಾಫ್ಟ್‌ಗೆ ಅನರ್ಹವಾಗಿ, 121 ಸೋತ ಮೇಲೂ ಹತ್ತಕ್ಕೆ ಇಳಿಯಿತು. ಒಂದು ವರ್ಷದ ವನವಾಸ ಮುಗಿದು 2026ಕ್ಕೆ ಅರ್ಹವಾಯಿತು. ಅನರ್ಹರನ್ನು ತೆಗೆದು ಲೆಕ್ಕ ಹಾಕಿದಾಗ ಅದರ ಸಾಧ್ಯತೆ ಶೇ 27 ದಾಟಿತ್ತು.

ನಷ್ಟ ಎಷ್ಟು? ಪ್ರತಿ ಸ್ಥಾನಕ್ಕೂ ಬೋನಸ್‌ನ ನಿಗದಿತ ಮೊತ್ತವಿದೆ. 2025ರಲ್ಲಿ ಮೊದಲ ಸ್ಥಾನಕ್ಕೆ 1.1 ಕೋಟಿ ಡಾಲರ್, ಹತ್ತನೆಯದಕ್ಕೆ 60 ಲಕ್ಷ ಡಾಲರ್ ಆಸುಪಾಸು. ಈ ಮೊತ್ತಗಳೆಲ್ಲ ಸೇರಿ ತಂಡದ ಇಡೀ ಡ್ರಾಫ್ಟ್ ಬಜೆಟ್ ಆಗುವುದರಿಂದ ಮೊದಲ ಆಟಗಾರನಷ್ಟೇ ಅಲ್ಲ, ಮುಂದಿನ ಸುತ್ತುಗಳಲ್ಲಿ ಹೆಚ್ಚು ಹಣ ಕೇಳುವ ಹುಡುಗರನ್ನು ಒಲಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಬೇಕೆಂದೇ ಸೋಲುವವರಿಗೆ ಹೆಣೆದ ಬಲೆಯಲ್ಲಿ ಬೇಡವೆಂದರೂ ಸೋತ ತಂಡ ಸಿಕ್ಕಿಬಿದ್ದದ್ದು ಹೀಗೆ. ನಿಯಮಕ್ಕೆ ಉದ್ದೇಶ ಕಾಣುವುದಿಲ್ಲ, ಫಲಿತಾಂಶವಷ್ಟೇ ಕಾಣುತ್ತದೆ.

ಸಂಬಳಕ್ಕೆ ಮಿತಿ ಬೇಕೆ?

ಮಾಲೀಕ ಡಿಕ್ ಮಾನ್‌ಫರ್ಟ್ ಅವರ ನಿಲುವು ಸ್ಪಷ್ಟ. ಸ್ಪರ್ಧೆಯೇ ನ್ಯಾಯಯುತವಲ್ಲ, ಸಂಬಳಕ್ಕೆ ಮೇಲ್ಮಿತಿ ಮತ್ತು ಕನಿಷ್ಠ ಮಿತಿ ಎರಡೂ ಬರಬೇಕು ಎಂದು ಅವರು 2025ರಲ್ಲಿ ಬಹಿರಂಗವಾಗಿಯೇ ಹೇಳಿದ್ದಾರೆ. ಅವರ ವಿಭಾಗದಲ್ಲೇ ಇರುವ ಲಾಸ್ ಏಂಜಲೀಸ್ ಡಾಡ್ಜರ್ಸ್ 2024, 2025 ಎರಡೂ ವರ್ಷ ಚಾಂಪಿಯನ್. 2025ರಲ್ಲಿ ತೆರಿಗೆ ಲೆಕ್ಕದ ಅವರ ಸಂಬಳದ ಪಟ್ಟಿ 40 ಕೋಟಿ ಡಾಲರ್ ದಾಟಿತ್ತು. ಈಗಿರುವುದು ಮೃದು ಮಿತಿ: 2025ರಲ್ಲಿ 24.1 ಕೋಟಿ ಡಾಲರ್ ಮೀರಿದರೆ ತೆರಿಗೆ ಕಟ್ಟಿ ಮುಂದುವರಿಯಬಹುದು. ಕೆಳಗೆ ಎಷ್ಟಾದರೂ ಇಳಿಯಬಹುದು.

ಆಟಗಾರರ ಸಂಘ ಇದನ್ನು ಒಪ್ಪುವುದಿಲ್ಲ. ಮಿತಿ ಹಾಕಿದರೆ ಉಳಿಯುವ ಹಣ ಮಾಲೀಕರ ಜೇಬಿಗೆ ಹೋಗುತ್ತದೆಯೇ ಹೊರತು ಆಟ ಸುಧಾರಿಸುವುದಿಲ್ಲ, ಹಂಚಿಕೆಯ ಹಣ ಪಡೆದು ಖರ್ಚು ಮಾಡದವರನ್ನು ಮೊದಲು ಕೇಳಿ ಎಂಬುದು ಅದರ ವಾದ. 1994ರಲ್ಲಿ ಇದೇ ಜಗಳಕ್ಕೆ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವಿಶ್ವ ಸರಣಿಯೇ ರದ್ದಾಗಿತ್ತು.

ಮಾನ್‌ಫರ್ಟ್ ವಾದದಲ್ಲಿ ತಿರುಳಿಲ್ಲ ಎನ್ನಲಾಗದು. ಆದರೆ ರಾಕೀಸ್‌ನ ಸೋಲನ್ನು ಅದು ವಿವರಿಸುವುದಿಲ್ಲ. 2025ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು, 97 ಪಂದ್ಯ ಗೆದ್ದದ್ದು ಮಿಲ್ವಾಕಿ ಬ್ರೂವರ್ಸ್. ಮೂವತ್ತು ತಂಡಗಳಲ್ಲಿ ಅತಿ ಚಿಕ್ಕ ಮಾರುಕಟ್ಟೆ ಅವರದು, ಸಂಬಳದ ಪಟ್ಟಿ ರಾಕೀಸ್‌ನದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಡಾಡ್ಜರ್ಸ್ ಹಣದಿಂದ ರಾಕೀಸ್ ಚಾಂಪಿಯನ್ ಆಗದೇ ಇರಬಹುದು, 119 ಪಂದ್ಯ ಸೋಲುವುದಕ್ಕೆ ಡಾಡ್ಜರ್ಸ್ ಕಾರಣರಲ್ಲ.

ಮುಂದಿನ ಹಾದಿ

2025ರ ಅಕ್ಟೋಬರ್‌ನಲ್ಲಿ ಜನರಲ್ ಮ್ಯಾನೇಜರ್ ಬಿಲ್ ಶ್ಮಿಟ್ ಹುದ್ದೆ ಬಿಟ್ಟರು. ನವೆಂಬರ್‌ನಲ್ಲಿ ಪಾಲ್ ಡಿಪೊಡೆಸ್ಟಾ ಬಂದರು. ಎರಡು ದಶಕಗಳ ಹಿಂದೆ ಓಕ್‌ಲ್ಯಾಂಡ್‌ನಲ್ಲಿ ಅಂಕಿಅಂಶ ನೆಚ್ಚಿ ತಂಡ ಕಟ್ಟುವ ಪ್ರಯೋಗದಲ್ಲಿದ್ದವರು, ನಂತರ ಹತ್ತು ವರ್ಷದ ಹತ್ತಿರ ಅಮೆರಿಕನ್ ಫುಟ್‌ಬಾಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ ಕೆಲಸ ಮಾಡಿದವರು. ಡಾಡ್ಜರ್ಸ್‌ನಿಂದ ಜಾಶ್ ಬರ್ನ್ಸ್ ಜನರಲ್ ಮ್ಯಾನೇಜರ್ ಆಗಿ ಜೊತೆಯಾದರು. ಒಳಗಿನವರನ್ನೇ ಬಡ್ತಿ ಕೊಟ್ಟು ಕೂರಿಸುವ ರಾಕೀಸ್ ಸಂಪ್ರದಾಯಕ್ಕೆ ಇದು ದೊಡ್ಡ ತಿರುವು. ಮೇಲಿನ ಮನೆಯಲ್ಲಿ ಮಾತ್ರ ಅದೇ ಕುಟುಂಬ. ಮಾಲೀಕರ ಮಗ ವಾಕರ್ ಮಾನ್‌ಫರ್ಟ್ 2025ರ ಜೂನ್‌ನಲ್ಲಿ ಕಾರ್ಯನಿರ್ವಾಹಕ ಉಪಾಧ್ಯಕ್ಷರಾದರು.

ಬದಲಾವಣೆ ಬೇಗ ಕಾಣುವುದಿಲ್ಲ. ಅಳತೆ ಯಂತ್ರ, ತಜ್ಞರು, ತರಬೇತುದಾರರ ಜಾಲ ಕಟ್ಟಲು ಒಂದೆರಡು ವರ್ಷ ಬೇಕು. ಆ ಜಾಲದಿಂದ ಹೊರಬರುವ ಹೈಸ್ಕೂಲ್ ಹುಡುಗ ಮೇಜರ್ ಲೀಗ್ ಮುಟ್ಟಲು ಸಾಮಾನ್ಯವಾಗಿ ಇನ್ನೂ ಮೂರು ನಾಲ್ಕು ವರ್ಷ. ಬ್ರಯಂಟ್ ಒಪ್ಪಂದ 2028ರವರೆಗಿದೆ. 31 ಹೋಮ್ ರನ್ ಹೊಡೆದು 2025ರ ಆಲ್‌ಸ್ಟಾರ್ ಆದ ಕ್ಯಾಚರ್ ಹಂಟರ್ ಗುಡ್‌ಮನ್‌ನಂಥ ಕೆಲವರಿದ್ದಾರೆ. ಅವರನ್ನು ಇಟ್ಟುಕೊಳ್ಳಬೇಕೇ, ಬೆಲೆ ಇರುವಾಗಲೇ ಎಳೆಯರಿಗಾಗಿ ಬಿಟ್ಟುಕೊಡಬೇಕೇ ಎಂಬುದು ಹೊಸ ಆಡಳಿತದ ಮೊದಲ ನಿಜವಾದ ಪರೀಕ್ಷೆ. ಸ್ಟೋರಿ ವಿಷಯದಲ್ಲಿ ಮಾಡಿದ ತಪ್ಪು ಮರುಕಳಿಸುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ.

2026ರಲ್ಲಿ ಮತ್ತೆ ತಳಕ್ಕೆ ಬಿದ್ದರೆ, ಈಗಿನ ನಿಯಮದ ಪ್ರಕಾರ ರಾಕೀಸ್ 2027ರ ಡ್ರಾಫ್ಟ್ ಲಾಟರಿಗೆ ಅರ್ಹ. ಆದರೆ ಆ ಲಾಟರಿ ನಡೆಯಬೇಕಾದದ್ದು 2026ರ ಡಿಸೆಂಬರ್‌ನಲ್ಲಿ. ಲಾಟರಿ, ಆದಾಯ ಹಂಚಿಕೆ, ಸಂಬಳದ ತೆರಿಗೆ ಎಲ್ಲವನ್ನೂ ಹೊತ್ತಿರುವ ಕಾರ್ಮಿಕ ಒಪ್ಪಂದ ಕೊನೆಗೊಳ್ಳುವುದು ಅದೇ ತಿಂಗಳ 1ರಂದು. ಕಳೆದ ಸಲ ಒಪ್ಪಂದ ಮುಗಿದಾಗ ಮಾಲೀಕರು 99 ದಿನ ಆಟಗಾರರಿಗೆ ಬಾಗಿಲು ಹಾಕಿದ್ದರು.